ಸೂಳೆಕೆರೆಗೆ ಗಾಳಿ ತುಂಬುವ ದೋಣಿ ಇಳಿಸೋದು, ಗಾಳ ಹಾಕೋದು: ಏನೇನು ನೋಡ್ಕೋಬೇಕು?

ಬಾತಿಗುಡ್ಡ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ನಾಲ್ಕು ಜನ ಇದ್ದೀವಿ. ಇಬ್ಬಿಬ್ಬರು ಕೂರೋ ಅಂಥ, ಗಾಳಿ ತುಂಬೋ ಪಿವಿಸಿ ಕಯಾಕ್ ಎರಡು ಕೊಂಡಿದ್ದೀವಿ. ಮೊದಲು ಸೂಳೆಕೆರೆ, ಅಭ್ಯಾಸ ಆದಮೇಲೆ ವಾಣಿವಿಲಾಸ ಸಾಗರದ ಹಿನ್ನೀರು ಅಂತ ಯೋಚನೆ. ಅನುಮತಿ ಯಾರ ಹತ್ರ ಕೇಳಬೇಕು? ಯಾವ ಕಾಲ, ಯಾವ ಹೊತ್ತು ಒಳ್ಳೇದು? ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಬಹುದಾ ಅಥವಾ ಬ್ಯಾಟರಿ ಮೋಟರ್ ಸಾಕಾ? ಜೊತೆಗೆ ಗಾಳ ಹಾಕೋ ಆಸೆಯೂ ಇದೆ, ಕಾಟ್ಲಾ ಗೆಂಡೆಗೆ ಏನು ಎರೆ ಕಟ್ಟಬೇಕು ತಿಳಿದವರು ಹೇಳಿ. ನಮ್ಮಲ್ಲಿ ಇಬ್ಬರಿಗೆ ಈಜು ಬರಲ್ಲ.

ಏರಿಮೇಲಿನವ

ಅನುಮತಿ ವಿಷಯ ಮೊದಲು. ನೀರು, ಏರಿ, ತೂಬು ಇವೆಲ್ಲ ನೀರಾವರಿಯವರ ಸುಪರ್ದಿ. ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ ಮೂಲಕ ಗುತ್ತಿಗೆಗೋ ಪರವಾನಗಿಗೋ ಹೋಗುತ್ತೆ. ಹಾಗಾಗಿ ಎರಡೂ ಕಡೆ ಕೇಳಬೇಕು. ಅರ್ಜಿಯಲ್ಲಿ ದಿನಾಂಕ, ದೋಣಿ ಎಷ್ಟು, ಜನ ಎಷ್ಟು, ಯಾವ ದಡದಿಂದ ಇಳಿಸ್ತೀರಿ, ಎಲ್ಲರಿಗೂ ಜಾಕೆಟ್ ಇದೆ ಅನ್ನೋದನ್ನ ಬರೆದು, ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಸ್ವೀಕೃತಿ ಅಂದ್ರೆ ಅನುಮತಿ ಅಲ್ಲ, ಉತ್ತರ ಬರೋ ತನಕ ಇಳಿಬೇಡಿ. ಗುತ್ತಿಗೆ ಹಿಡಿದವರಿಗೂ ಒಂದು ಮಾತು ಹೇಳಿ. ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ನಿಮಗೆ ತೋರಿಸೋರು ಅವರೇ.

ಇನ್ನು ನೀರು. ಸೂಳೆಕೆರೆ ಅಗಲದಲ್ಲಿ ದೊಡ್ಡದು, ಆರೂವರೆ ಸಾವಿರ ಎಕರೆ ಆಸುಪಾಸು. ಆಳದಲ್ಲಿ ಹಾಗಲ್ಲ, ತುಂಬಿದಾಗಲೂ ಹೆಚ್ಚೆಂದ್ರೆ 27 ಅಡಿ ಅಂತಾರೆ, ಬಹುಪಾಲು ಜಾಗ ಅದಕ್ಕಿಂತ ಕಮ್ಮಿ. ಅಪಾಯ ಇರೋದು ಇಲ್ಲೇ. ಆಳ ಕಮ್ಮಿ ಇದ್ದು ಗಾಳಿಗೆ ಕಿಲೋಮೀಟರುಗಟ್ಟಲೆ ಬಯಲು ಸಿಕ್ಕಿದ್ರೆ ಅಲೆ ಬೇಗ ಏಳುತ್ತೆ, ಗಿಡ್ಡಕ್ಕೆ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತೆ. ಗಾಳಿ ತುಂಬಿದ ದೋಣಿ ನೀರಲ್ಲಿ ಮುಳುಗೋದು ನಾಲ್ಕು ಬೆರಳು, ಮೇಲೆ ಎದ್ದು ನಿಲ್ಲೋದು ಒಂದೂವರೆ ಅಡಿ. ಗಾಳಿ ಅದನ್ನ ಎಳ್ಕೊಂಡು ಹೋಗುತ್ತೆ. ಹೊಸಬರು ಹುಟ್ಟು ಹಾಕಿದ್ರೆ ಗಂಟೆಗೆ ನಾಲ್ಕು ಕಿಲೋಮೀಟರ್ ಹೋದರೆ ಹೆಚ್ಚು. ಎದುರುಗಾಳಿ 20 ಕಿಲೋಮೀಟರ್ ಬೀಸಿದ್ರೆ ತೋಳು ಸೋಲುತ್ತೆ, ದೋಣಿ ಇದ್ದಲ್ಲೇ ಇರುತ್ತೆ.

ಅದಕ್ಕೆ ಎರಡು ಪದ್ಧತಿ ಇಟ್ಕೊಳ್ಳಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಂದು ಬಿಡುತ್ತೆ. ಜನ ಮಾಡೋದು ಇದರ ಉಲ್ಟಾ: ಸಲೀಸಾಗಿ ತೇಲ್ಕೊಂಡು ಹೋಗಿ, ವಾಪಸ್ ಬರೋಕಾಗದೆ ಒದ್ದಾಡ್ತಾರೆ. ಎರಡನೇದು, ದಡದಲ್ಲಿ ನಿಂತು ನೋಡುವಾಗ ಅಲೆಯ ತುದಿ ಅಲ್ಲಲ್ಲಿ ಬೆಳ್ಳಗೆ ಒಡೀತಿದ್ರೆ ಅವತ್ತು ದೋಣಿ ಬಿಚ್ಚಬೇಡಿ. ಗಾಳಿ ಹೆಚ್ಚುಕಮ್ಮಿ 15 ಕಿಲೋಮೀಟರ್ ದಾಟಿದೆ ಅಂತ ಅದರ ಅರ್ಥ.

ಕಾಲದ ಲೆಕ್ಕ ಸುಲಭ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿದ್ರೆ ಗುಡುಗು, ಸಿಡಿಲು, ಬಿರುಗಾಳಿ ಮೂರೂ ಒಟ್ಟಿಗೆ. ಬಯಲು ನೀರಿನ ಮೇಲೆ ಎತ್ತರಕ್ಕೆ ಇರೋದು ನಿಮ್ಮ ತಲೆ ಒಂದೇ, ಗುಡುಗು ಕಿವಿಗೆ ಬಿದ್ದ ಕೂಡಲೇ ದಡಕ್ಕೆ ಬನ್ನಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು, ಬೆಳಗ್ಗೆ ಆರೂವರೆಗೆ ಇಳಿಸಿ ಹತ್ತಕ್ಕೆ ಮೇಲೆ ಬಂದುಬಿಡಿ. ನೆಲ ಕಾದಮೇಲೆ ಗಾಳಿ ಎದ್ದೇ ಏಳುತ್ತೆ.

ಸಿದ್ದನ ತೂಬು, ಬಸವನ ತೂಬು ಎರಡರ ಹತ್ರವೂ ಹೋಗಬೇಡಿ. ನಾಲೆಗೆ ನೀರು ಬಿಟ್ಟಾಗ ಮೇಲೆ ಏನೂ ಕಾಣದೆ ಕೆಳಗಿಂದ ಎಳೆಯುತ್ತೆ. ಕನಿಷ್ಠ 100 ಮೀಟರ್ ದೂರ ಇರಿ.

ದೋಣಿಗೆ ಗಾಳಿ ತುಂಬೋದರಲ್ಲೂ ಎಲ್ಲರೂ ಎಡವೋ ಜಾಗ ಒಂದಿದೆ. ಪಕ್ಕದ ಕೊಳವೆಗಳಿಗೆ ಬೇಕಾಗೋದು ಬಹಳ ಕಮ್ಮಿ ಒತ್ತಡ, ಅಗ್ಗದ ಪಿವಿಸಿಯಲ್ಲಿ 1 ಪಿಎಸ್‌ಐ ಆಸುಪಾಸು. ಸರಿಯಾದ ಅಂಕಿ ಕವಾಟದ ಪಕ್ಕವೇ ಅಚ್ಚಾಗಿರುತ್ತೆ ನೋಡಿ. 30 ಡಿಗ್ರಿಯಲ್ಲಿ 1 ಪಿಎಸ್‌ಐ ತುಂಬಿದ್ದು, ಬಿಸಿಲಲ್ಲಿ ಒಳಗಿನ ಗಾಳಿ 50 ಡಿಗ್ರಿಗೆ ಏರಿದ್ರೆ ಹತ್ತಿರ ಹತ್ತಿರ 2 ಆಗುತ್ತೆ. ದಡದಲ್ಲಿ ಬಿಟ್ಟು ತಿಂಡಿ ತಿನ್ನೋಕೆ ಹೋದ್ರೆ ಬೆಸುಗೆ ಬಿಟ್ಕೊಳ್ಳುತ್ತೆ. ದಡಕ್ಕೆ ತಂದ ತಕ್ಷಣ ಸ್ವಲ್ಪ ಗಾಳಿ ಬಿಡಿ. ನೀರಿಗೆ ಇಳಿಸಿದ ಮೇಲೆ ಉಲ್ಟಾ ಆಗುತ್ತೆ, ತಣ್ಣಗಾಗಿ ಮೆತ್ತಗಾಗುತ್ತೆ. ಐದು ನಿಮಿಷ ತೇಲಲು ಬಿಟ್ಟು, ಮತ್ತೆ ಪಂಪ್ ಹೊಡೆದು ಆಮೇಲೆ ಹತ್ತಿ.

ವೇದಾವತಿ ದಂಡೆ

ವಾಣಿವಿಲಾಸದ ಹಿನ್ನೀರನ್ನ ಸೂಳೆಕೆರೆಯ ಲೆಕ್ಕದಲ್ಲಿ ನೋಡಬೇಡಿ. ಇಲ್ಲಿ ಆಳ ಇದೆ, ಗುಡ್ಡದ ಮಧ್ಯೆ ಕಣಿವೆ ಇದೆ. ಹೊರಗೆ ಗಾಳಿ ಸಣ್ಣಗಿದ್ರೂ ಕಣಿವೆ ಬಾಯಲ್ಲಿ ಜೋರಾಗಿರುತ್ತೆ.

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿದಿರಲ್ಲ. ಈ ಜಲಾಶಯ 130 ಅಡಿ ಮುಟ್ಟಿ ಕೋಡಿ ಬಿದ್ದಿದ್ದು 1933ರಲ್ಲಿ, ಆಮೇಲೆ 2022ರಲ್ಲೇ. ಆ ನಡುವೆ ಎಷ್ಟೋ ದಶಕ ನೀರು ಬಾರದೆ ಇದ್ದ ಅಂಚಿನ ನೆಲದಲ್ಲಿ ಜನ ಹೊಲ, ತೋಟ ಮಾಡಿದ್ದರು. ನೀರು ಬಂದು ಅದೆಲ್ಲ ಮುಳುಗಿತು. ಈಗ ಹೊಸದುರ್ಗದ ಕಡೆ ಹಿನ್ನೀರಿನ ಅಂಚಲ್ಲಿ ಮರದ ಬೊಡ್ಡೆ, ಬೇಲಿ ಕಲ್ಲು, ಮುಳ್ಳುತಂತಿ, ಕೊಳವೆಬಾವಿ ಪೈಪು ನೀರಿನ ಕೆಳಗಿರಬಹುದು ಅಂತಲೇ ತಿಳ್ಕೊಂಡು ಹೋಗಬೇಕು. ತುಂಬಿದಾಗ ಇವು ಆಳದಲ್ಲಿರ್ತವೆ, ತೊಂದರೆ ಇಲ್ಲ. ಮಟ್ಟ ಇಳೀತಾ ಬಂದಾಗ ಒಂದಡಿ ಕೆಳಗೆ ಬಂದು ನಿಲ್ತವೆ, ಕಣ್ಣಿಗೆ ಬೀಳಲ್ಲ. ಪಿವಿಸಿ ದೋಣಿಗೆ ಒಂದು ಬೊಡ್ಡೆ ಸಾಕು.

ಹೋಗೋ ಮುಂಚೆ ಅವತ್ತಿನ ಮಟ್ಟ ಎಷ್ಟು ಅಡಿ ಅಂತ ಪತ್ರಿಕೆಯಲ್ಲಿ ನೋಡಿ, ಅಂಚಿನ ಊರಲ್ಲಿ ಎಲ್ಲಿ ತೋಟ ಇತ್ತು ಅಂತ ಕೇಳಿ. ಅಂಚಿನಲ್ಲಿ ನಿಧಾನವಾಗಿ, ಮುಂದೆ ಕೂತವರು ಹುಟ್ಟನ್ನ ನೇರ ಕೆಳಗಿಳಿಸಿ ತಡವುತ್ತಾ ಹೋಗಲಿ. ಅಂಟು, ಪಿವಿಸಿ ತೇಪೆ, ಮರಳು ಕಾಗದ ದೋಣಿಯಲ್ಲೇ ಇರಲಿ. ತೇಪೆ ಹಚ್ಚೋ ಜಾಗ ಒಣಗಿಸಿ ಉಜ್ಜಿ, ಅಂಟನ್ನ ಎರಡೂ ಕಡೆ ಹಚ್ಚಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಹಸಿ ಅಂಟಿಗೆ ಒತ್ತಿದ್ರೆ ಗಾಳಿ ತುಂಬಿದ ತಕ್ಷಣ ಕಿತ್ತು ಬರುತ್ತೆ. ಅಣೆಕಟ್ಟೆ ಮತ್ತು ಕೋಡಿ ಕಡೆ ದೋಣಿ ತಿರುಗಿಸಲೇಬೇಡಿ.

ಗಾಳದ ಗುಂಡಣ್ಣ

ಗಾಳದ ವಿಷ್ಯ ನಾ ಹೇಳ್ತೀನಿ ಕೇಳ್ರಿ. ಮೊದ್ಲು ಒಂದು ಮಾತು, ಗಾಳಿ ತುಂಬಿದ ದೋಣಿಯಾಗ ಕುಂತು ಗಾಳ ಬೀಸೋದು ಬ್ಯಾಡ. ಕೊಕ್ಕೆ ಮುಳ್ಳು ರಬ್ಬರಿಗೆ ತಾಗಿದ್ರೆ ಕೆಲ್ಸ ಕೆಟ್ಟಂಗೆ. ದೋಣಿ ಬೇರೆ, ಗಾಳ ಬೇರೆ. ದಡದಾಗ ಕುಂತು ಹಾಕ್ರಿ.

ಯಾವ ಮೀನು ಎಲ್ಲಿ ಮೇಯ್ತೈತೆ ಅನ್ನೋದು ಗೊತ್ತಿದ್ರೆ ಅರ್ಧ ಕೆಲ್ಸ ಆತು. ಕಾಟ್ಲಾ ಮೇಲ್ಗಡೆ ನೀರಾಗ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಾಗ. ಬೆಂಡು ಕಟ್ಟೋವಾಗ ಕಾಟ್ಲಾಕ್ಕೆ ಕೊಕ್ಕೆ ಮೂರ್ನಾಕು ಅಡಿ ಕೆಳಗೆ ಇರ್ಲಿ, ಗೆಂಡೆಗೆ ಬೆಂಡು ಬ್ಯಾಡ, ಸೀಸದ ಗುಂಡು ಹಾಕಿ ತಳಕ್ಕೆ ಬಿಡ್ರಿ.

ಕಾಟ್ಲಾ ಎರೆಹುಳಕ್ಕೆ ಬರೋದು ಅಪರೂಪ. ಅದು ನೀರಾಗಿನ ಸಣ್ಣ ಜೀವಿನ ಸೋಸಿ ತಿನ್ನೋ ಮೀನು, ಬಾಯಿ ದೊಡ್ಡದು, ಹೀರ್ತೈತೆ. ಅದಕ್ಕೆ ಕರಗಿ ಮೋಡದಂಗೆ ಹರಡೋ ಎರೆ ಬೇಕು. ಶೇಂಗಾ ಹಿಂಡಿ ಅರ್ಧ ಕೆಜಿ ಕುಟ್ಟಿ, ಘಮ್ಮನ್ನೋ ಹಂಗೆ ಸಣ್ಣ ಉರಿ ಮ್ಯಾಲೆ ಹುರ್ಕೊಳ್ರಿ. ಅಕ್ಕಿ ತೌಡು ಕಾಲು ಕೆಜಿ, ಮೈದಾ ಒಂದು ಹಿಡಿ, ಚೆನ್ನಾಗಿ ಕಳಿತ ಬಾಳೆಹಣ್ಣು ಒಂದು. ನೀರು ಸುರೀಬ್ಯಾಡ್ರಿ, ಚಿಮುಕಿಸ್ತಾ ಕಲಸ್ರಿ. ನಿಂಬೆ ಗಾತ್ರದ ಉಂಡೆ ಮಾಡಿ ಬಕೆಟ್ ನೀರಾಗ ಹಾಕಿ ನೋಡ್ರಿ: ಐದು ನಿಮಿಷಕ್ಕೆ ಅಂಚು ಉದುರಕ್ಕೆ ಶುರುವಾಗ್ಬೇಕು, ಹದಿನೈದು ನಿಮಿಷಕ್ಕೆ ಪೂರ್ತಿ ಕರಗ್ಬೇಕು. ಬೀಸಿದಾಗ್ಲೇ ಉದುರಿದ್ರೆ ನೀರು ಜಾಸ್ತಿ ಆಗೈತೆ. ಅರ್ಧ ಗಂಟೆ ಆದ್ರೂ ಗಟ್ಟಿ ಐತೆ ಅಂದ್ರೆ ಮೈದಾ ಜಾಸ್ತಿ, ಕೊಕ್ಕೆ ಮೀನಿನ ಬಾಯಿಗೆ ಚುಚ್ಚಲ್ಲ. ಗೆಂಡೆಗಾದ್ರೆ ಇದನ್ನೇ ಸ್ವಲ್ಪ ಬಿಗಿ ಮಾಡ್ರಿ, ಇಲ್ಲಾ ಗಟ್ಟಿ ರಾಗಿಮುದ್ದೆ ಸಾಕು. ಎರೆಹುಳ ಕಟ್ಟಿದ್ರೆ ಜಿಲೇಬಿ ಮೀನು ಬಂದು ಕಚ್ಚಿ ಕಚ್ಚಿ ಖಾಲಿ ಮಾಡ್ತಾವೆ.

ನೈಲಾನ್ ದಾರ 0.30ರಿಂದ 0.35 ಮಿಲಿಮೀಟರ್, ಕೊಕ್ಕೆ 4 ಇಲ್ಲಾ 6ನೇ ನಂಬರ್. ರೀಲಿನ ಬ್ರೇಕು ದಾರದ ತಾಕತ್ತಿನ ಮೂರನೇ ಒಂದು ಭಾಗಕ್ಕೆ ಬಿಡ್ಬೇಕು. 8 ಕೆಜಿ ದಾರ ಆದ್ರೆ ದಾರದ ತುದಿನ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೀರಿ, ಎರಡೂವರೆ ಕೆಜಿ ತೋರ್ಸಿದಾಗ ದಾರ ಬಿಟ್ಕೊಡ್ಬೇಕು. ಬಿಗಿ ಇಟ್ರೆ ಕಾಟ್ಲಾ ಮೊದ್ಲ ಓಟಕ್ಕೇ ಹರ್ಕೊಂಡು ಹೋಗ್ತೈತೆ. ಗೆಂಡೆ ತುಟಿ ಮೆತ್ತಗೈತೆ, ಜೋರಾಗಿ ಜಗ್ಗಿದ್ರೆ ಹರೀತೈತೆ.

ಮಳೆಗಾಲದಾಗ ಜೊಂಡಿನ ಪಕ್ಕ ನೀರ ಮ್ಯಾಲೆ ಕೆಂಪಗೆ ಮರಿಗಳ ಗುಂಪು ಕುದಿಯೋ ಹಂಗೆ ಕಾಣ್ಸಿದ್ರೆ ಅದು ಕೊರವ ಮೀನಿನ ಮರಿ. ಕೆಳಗೆ ತಂದೆ ತಾಯಿ ಕಾವಲು ಇರ್ತಾವೆ. ದಯವಿಟ್ಟು ಅಲ್ಲಿ ಗಾಳ ಹಾಕ್ಬ್ಯಾಡ್ರಿ, ದೊಡ್ಡ ಮೀನು ಹಿಡಿದ್ರೆ ಮರಿ ಎಲ್ಲಾ ಬ್ಯಾರೆ ಮೀನಿನ ಹೊಟ್ಟೆಗೆ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರೆ ಮಾತ್ರ ವಾಪಸ್ ಬಿಡಬ್ಯಾಡ್ರಿ, ಅದರ ಸಾಕಣೆನೇ ನಿಷೇಧ, ಕೆರೆ ಮೀನೆಲ್ಲಾ ತಿಂತೈತೆ.

ಬಾತಿಗುಡ್ಡ

ಬಹಳ ಉಪಕಾರ ಆಯ್ತು. ಮೋಟರ್ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಇನ್ವರ್ಟರಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ಇದೆ, ಅದನ್ನೇ ಬಳಸಬಹುದಾ? ಈಜು ಬಾರದವರಿಗೆ ಎಂಥ ಜಾಕೆಟ್?

ವೇದಾವತಿ ದಂಡೆ

ಇನ್ವರ್ಟರ್ ಬ್ಯಾಟರಿ ಬೇಡ. ಅದು 50 ಕೆಜಿಗೂ ಮೇಲೆ ತೂಗುತ್ತೆ, ಒಳಗೆ ಆಸಿಡ್ ಬೇರೆ. ದೋಣಿ ಓಲಾಡಿದ್ರೆ ಚೆಲ್ಲಿ ಪಿವಿಸಿಗೂ ಕಾಲಿಗೂ ತಾಗುತ್ತೆ. ಇಬ್ಬರ ಕಯಾಕ್ ಹೊರೋ ತೂಕ ಸಾಮಾನ್ಯವಾಗಿ 160ರಿಂದ 180 ಕೆಜಿ, ಇಬ್ಬರು ದೊಡ್ಡವರು ಕೂತಮೇಲೆ ಉಳಿಯೋದು ಸ್ವಲ್ಪವೇ.

ಬೇಕೇ ಬೇಕು ಅಂದ್ರೆ 12 ವೋಲ್ಟಿನ, 30 ಪೌಂಡ್ ತಳ್ಳೋ ಮೋಟರ್, ಜೊತೆಗೆ 50 ಆಂಪಿಯರ್ ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಆರು ಕೆಜಿ ಆಸುಪಾಸು. ಮೋಟರ್ ಪೂರ್ತಿ ವೇಗಕ್ಕೆ 30 ಆಂಪಿಯರ್ ಎಳೆಯುತ್ತೆ. ಬ್ಯಾಟರಿಯ 80 ಭಾಗ ಬಳಸಿದ್ರೆ ಒಂದು ಗಂಟೆ ಇಪ್ಪತ್ತು ನಿಮಿಷ ಬರುತ್ತೆ. ಅರ್ಧ ವೇಗದಲ್ಲಿ 10 ಆಂಪಿಯರ್ ಆಸುಪಾಸು, ನಾಲ್ಕು ಗಂಟೆ. 6 ಚದರ ಮಿಲಿಮೀಟರಿಗಿಂತ ತೆಳು ತಂತಿ ಬೇಡ, ಬಿಸಿಯಾಗುತ್ತೆ. ಬ್ಯಾಟರಿಯ ಪ್ಲಸ್ ತುದಿಗೆ ಒಂದು ಗೇಣಿನೊಳಗೆ 40 ಆಂಪಿಯರ್ ಫ್ಯೂಸ್ ಹಾಕಿ. ಮೋಟರ್ ಇದ್ರೂ ಹುಟ್ಟು ಬಿಟ್ಟು ಹೋಗಬೇಡಿ. ಯಂತ್ರ ಕೂರಿಸಿದ ದೋಣಿ ಅಂದ ಕೂಡಲೇ 2021ರ ಒಳನಾಡು ಹಡಗು ಕಾಯ್ದೆಯ ನೋಂದಣಿ ಪ್ರಶ್ನೆ ಬರುತ್ತೆ, ಕೊಳ್ಳೋ ಮುಂಚೆ ಅದನ್ನೂ ಕೇಳಿ.

ಪೆಟ್ರೋಲ್ ಎಂಜಿನ್ ಬೇಡವೇ ಬೇಡ. ಸೂಳೆಕೆರೆ ನೀರನ್ನ ಚಿತ್ರದುರ್ಗದವರು ಕುಡೀತಾರೆ. ಹಳೇ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸುಡದ ಪೆಟ್ರೋಲು, ಆಯಿಲು ಹೊಗೆ ಜೊತೆ ನೇರ ನೀರಿಗೆ ಹೋಗುತ್ತೆ. ಕುಡಿಯೋ ನೀರಿಗೆ ಅದನ್ನ ಬೆರೆಸೋ ಹಕ್ಕು ನಮಗೆ ಯಾರಿಗೂ ಇಲ್ಲ.

ಏರಿಮೇಲಿನವ

ಜಾಕೆಟ್ ಬಗ್ಗೆ. ಒಳಗಿನ ಚೀಟಿಯಲ್ಲಿ ನ್ಯೂಟನ್ ಲೆಕ್ಕ ಬರೆದಿರುತ್ತೆ. 50 ನ್ಯೂಟನ್ನಿನದು ಈಜು ಬರುವವರಿಗೆ. ಬಾರದವರಿಗೆ 100 ಕಮ್ಮಿ ಅಂದ್ರೆ, 150 ಆದ್ರೆ ಒಳ್ಳೇದು, ಕತ್ತಿನ ಹಿಂದೆ ದಿಂಬಿನ ಭಾಗ ಇರೋದು ನೋಡಿ ತಗೊಳ್ಳಿ. ಪ್ರಜ್ಞೆ ತಪ್ಪಿದ್ರೂ ಮುಖ ಮೇಲೆ ಇರಬೇಕು. ಬಕಲ್ ಎಲ್ಲಾ ಹಾಕಿ, ಹಿಂದಿಂದ ಒಬ್ಬರು ಎರಡೂ ಭುಜದ ಪಟ್ಟಿ ಹಿಡಿದು ಮೇಲೆ ಎಳೀಲಿ. ಕಿವಿವರೆಗೆ ಬಂದ್ರೆ ನೀರಲ್ಲಿ ಕಳಚಿ ಹೋಗುತ್ತೆ, ತೊಡೆ ಸಂದಿಯ ಪಟ್ಟಿ ಇರೋದು ತಗೊಳ್ಳಿ. ಸೀಟಿ ಪ್ರತಿಯೊಬ್ಬರ ಜಾಕೆಟ್ಟಿಗೂ ಕಟ್ಟಿರಲಿ.

ಈಜು ಬಾರದವರಿಬ್ಬರನ್ನ ಒಂದೇ ದೋಣಿಗೆ ಹಾಕಬೇಡಿ. ಮೊದಲ ದಿನ ಎದೆಮಟ್ಟದ ನೀರಲ್ಲಿ ಬೇಕಂತಲೇ ದೋಣಿ ಮಗುಚಿ ಅಭ್ಯಾಸ ಮಾಡಿ. ಒಬ್ಬರು ಆಚೆ ಬದಿ ಹಿಡಿದು ಜೋತುಬೀಳಲಿ, ಇನ್ನೊಬ್ಬರು ಈಚೆಯಿಂದ ಕಾಲು ಬಡಿದು ಹೊಟ್ಟೆ ಮೇಲೆ ಜಾರಿ ಹತ್ತಲಿ, ಹತ್ತಿದವರು ಅಡ್ಡ ಮಲಗಿ ಉಳಿದವರನ್ನ ಎಳ್ಕೊಳ್ಳಲಿ. ನಡುನೀರಲ್ಲಿ ಮಗುಚಿದ್ರೆ ದೋಣಿ ಬಿಟ್ಟು ದಡಕ್ಕೆ ಈಜೋಕೆ ಹೋಗಬೇಡಿ, ದಡ ಕಾಣೋದಕ್ಕಿಂತ ದೂರ ಇರುತ್ತೆ. 15 ಮೀಟರ್ ಎಸೆಯೋ ಹಗ್ಗ ಪ್ರತಿ ದೋಣಿಯಲ್ಲಿ, ಫೋನ್ ನೀರು ಹೋಗದ ಚೀಲದಲ್ಲಿ. 112 ನೆನಪಿರಲಿ.

ಮುಂಜಾನೆ ಸಾಲಾಗಿ ಪ್ಲಾಸ್ಟಿಕ್ ಬಾಟಲಿ ಅಥವಾ ಥರ್ಮಾಕೋಲ್ ತುಂಡು ತೇಲ್ತಾ ಇದ್ರೆ ಅದು ರಾತ್ರಿ ಬಿಟ್ಟ ಬಲೆ. ಎರಡು ಬಾಟಲಿ ಮಧ್ಯೆ ನುಗ್ಗಬೇಡಿ, ಸಾಲಿನ ತುದಿ ಸುತ್ತಿ ಹೋಗಿ. ಹರಿದ ಬಲೆ ಅವರ ಒಂದು ವಾರದ ಕೂಲಿ ತಿನ್ನುತ್ತೆ.

ಬಾತಿಗುಡ್ಡ

ಮೋಟರ್ ಕೈಬಿಟ್ಟೆವು, ಹುಟ್ಟಲ್ಲೇ ಹೋಗ್ತೀವಿ. ಫೆಬ್ರವರಿ ಅಂತ ಅಂದ್ಕೊಂಡಿದ್ದೀವಿ. ಆಗ ನೀರು ಸರಿದು ದಡದಲ್ಲಿ ಕೆಸರಿರುತ್ತಾ?

ಗಾಳದ ಗುಂಡಣ್ಣ

ಇರ್ತೈತ್ರಿ. ನೀರು ಹಿಂದಕ್ಕೆ ಹೋದ ಕಡೆ ಮ್ಯಾಲೆ ಒಣಗಿ ಬಿರುಕು ಬಿಟ್ಟಂಗೆ ಕಾಣ್ತೈತೆ, ಕೆಳಗೆ ಮೊಣಕಾಲುದ್ದ ಗೋಡು. ಗರಸು ನೆಲ ಇಲ್ಲಾ ಕಲ್ಲು ಇರೋ ಕಡೆ ಇಳಿಸ್ರಿ, ಎಮ್ಮೆ ನೀರಿಗಿಳಿಯೋ ಜಾಡು ನೋಡಿದ್ರೆ ಗೊತ್ತಾಗ್ತೈತೆ. ಮುಂದಕ್ಕೆ ಹುಟ್ಟಿನ ಹಿಡಿಯಿಂದ ಚುಚ್ಚಿ ನೋಡ್ಕೊಂಡು ಕಾಲಿಡ್ರಿ. ಕಾಲು ಹೂತ್ರೆ ನೇರ ಮ್ಯಾಲೆ ಕೀಳಬ್ಯಾಡ್ರಿ, ಇನ್ನೊಂದು ಕಾಲೂ ಇಳೀತೈತೆ. ಹಿಂದಕ್ಕೆ ಕುಂತು ದೋಣಿ ಮ್ಯಾಲೆ ಭಾರ ಹಾಕಿ, ಪಾದ ಅತ್ತಿತ್ತ ಅಲ್ಲಾಡಿಸ್ತಾ ನಿಧಾನಕ್ಕೆ ಬಿಡಿಸ್ಕೊಳ್ರಿ. ಚಪ್ಪಲಿ ಹೋದ್ರೆ ಹೋಗ್ಲಿ, ಅದನ್ನ ಹುಡುಕಕ್ಕೆ ಕೈ ಹಾಕ್ಬ್ಯಾಡ್ರಿ.