ಹಿಚನ್ಸ್ ಮೇಲೆ ಅಭಿಮಾನ, ಯುದ್ಧ ಮತ್ತು ಧರ್ಮದ ವಿಚಾರದಲ್ಲಿ ತಕರಾರು: ಬಳಗದಲ್ಲಿ ಓದಿಸುವುದು ಹೇಗೆ?

ಓದುಬಳಗ_ಧಾರವಾಡ:

ಬ್ರಿಟಿಷ್-ಅಮೆರಿಕನ್ ಲೇಖಕ, ಅಂಕಣಕಾರ ಕ್ರಿಸ್ಟೋಫರ್ ಹಿಚನ್ಸ್ (1949–2011) ಬರಹಗಳ ಮೇಲೆ ನಮ್ಮ ಬಳಗದಲ್ಲಿ ಮೂರು ವಾರದ ಚರ್ಚೆ ಇಟ್ಟುಕೊಂಡಿದ್ದೇವೆ, ವಾರಕ್ಕೆ ಎರಡು ಗಂಟೆ. ಅವರ ಗದ್ಯದ ಬಿಗಿ, ಓದಿನ ಹರವು, ದೊಡ್ಡವರನ್ನು ಹೆಸರು ಹಿಡಿದು ಪ್ರಶ್ನಿಸುವ ಎದೆಗಾರಿಕೆ ಎಲ್ಲರಿಗೂ ಇಷ್ಟ. ಆದರೆ 2003ರ ಇರಾಕ್ ಯುದ್ಧವನ್ನು ಅವರು ಕೊನೆಯವರೆಗೂ ಸಮರ್ಥಿಸಿಕೊಂಡದ್ದು ಹಲವರಿಗೆ ನುಂಗಲಾರದ ತುತ್ತು. ದೈವಭಕ್ತರಾದ ಸದಸ್ಯರಿಗೆ ಧರ್ಮದ ಬಗ್ಗೆ ಅವರಾಡುವ ಮಾತು ಸಹಿಸಲು ಕಷ್ಟ. ಅಭಿಮಾನಿಗಳು ಒಂದು ಕಡೆ, ವಿರೋಧಿಗಳು ಇನ್ನೊಂದು ಕಡೆ ಆಗಿ ಚರ್ಚೆ ಮುರಿದು ಬೀಳಬಾರದು. ಯಾವ ಬರಹ ಮೊದಲು, ಯಾವುದು ಆಮೇಲೆ? ತಕರಾರನ್ನು ಎಲ್ಲಿ ಎತ್ತಬೇಕು?

ಶರಾವತಿ_ತೀರ:

ಮೊದಲು ಒಂದು ಮಾತು. ಅಮೆರಿಕದ ಮೇಲೆ ಭಯೋತ್ಪಾದಕ ದಾಳಿ ನಡೆದ 2001ರ ಸೆಪ್ಟೆಂಬರಿಗೆ ಗೆರೆ ಎಳೆದು, ಅದಕ್ಕೆ ಮುಂಚಿನವರು ಒಳ್ಳೆಯ ಹಿಚನ್ಸ್, ಆಮೇಲಿನವರು ದಾರಿ ತಪ್ಪಿದ ಹಿಚನ್ಸ್ ಎಂದು ಪಾಲು ಮಾಡಬೇಡಿ. ಹೆಚ್ಚಿನ ಲೇಖನಗಳು ಹೀಗೇ ಮಾಡುತ್ತವೆ, ತಾರೀಖುಗಳು ಮಾತ್ರ ಅದಕ್ಕೆ ಒಗ್ಗುವುದಿಲ್ಲ. 1989ರ ಫೆಬ್ರುವರಿ 14ರಂದು ಇರಾನಿನ ನಾಯಕ ಖೊಮೇನಿ ಕಾದಂಬರಿಕಾರ ಸಲ್ಮಾನ್ ರಶ್ದಿ ಮೇಲೆ ಫತ್ವಾ ಹೊರಡಿಸಿದಾಗಲೇ ರಶ್ದಿ ಪರ ಹಿಚನ್ಸ್ ನಿಲುವು ಗಟ್ಟಿಯಾಗಿತ್ತು. 1991ರ ಕೊಲ್ಲಿ ಯುದ್ಧವನ್ನು ವಿರೋಧಿಸಿದರು. ಬೋಸ್ನಿಯಾದಲ್ಲಿ ಮಿಲಿಟರಿ ಮಧ್ಯಪ್ರವೇಶ ಬೇಕೆಂದರು. 2001ರ ನಂತರವೂ ಬುಷ್ ಸರ್ಕಾರ ಮಾಡಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ವಾರಂಟ್ ಇಲ್ಲದೆ ದೂರವಾಣಿ ಕದ್ದಾಲಿಸುವುದರ ವಿರುದ್ಧ 2006ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟ ಹೂಡಿದ ದಾವೆಯಲ್ಲಿ ಅವರೂ ಒಬ್ಬ ಫಿರ್ಯಾದಿ. ಸರ್ವಾಧಿಕಾರಿಯ ಮೇಲಿನ ಅದೇ ಸಿಟ್ಟು ಅವರಿಂದ ಅತ್ಯುತ್ತಮ ಬರಹವನ್ನೂ ಬರೆಸಿತು, ನೀವು ಒಪ್ಪದ ಬರಹವನ್ನೂ ಬರೆಸಿತು. ಇದನ್ನು ಒಪ್ಪಿಕೊಂಡು ಹೊರಟರೆ ಚರ್ಚೆಗೆ ತಿರುಳು ಬರುತ್ತದೆ.

ಮೊದಲ ವಾರ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಮೇಲಿನ ದೋಷಾರೋಪ ಇಡಿ. 2001ರಲ್ಲಿ ಹಾರ್ಪರ್ಸ್ ಮಾಸಿಕದಲ್ಲಿ ಎರಡು ಕಂತಾಗಿ ಬಂದದ್ದು, ಅದೇ ವರ್ಷ ಪುಸ್ತಕವಾಯಿತು. ಪೂರ್ತಿ ಬೇಡ, ಬಾಂಗ್ಲಾದೇಶದ ಭಾಗ ಸಾಕು. 1971 ನಮ್ಮ ಓದುಗರಿಗೆ ಗೊತ್ತಿರುವ ಚರಿತ್ರೆ, ಹಿನ್ನೆಲೆ ವಿವರಿಸಲು ಅರ್ಧ ಗಂಟೆ ಕಳೆಯಬೇಕಿಲ್ಲ. ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ 1971ರ ಏಪ್ರಿಲ್ 6ರಂದು ತಮ್ಮದೇ ಸರ್ಕಾರದ ನೀತಿಯನ್ನು ವಿರೋಧಿಸಿ ಕಳಿಸಿದ, 20 ಅಧಿಕಾರಿಗಳ ಸಹಿಯಿದ್ದ ತಂತಿ ಈ ವಾದದ ಬೆನ್ನೆಲುಬು.

ಓದುವಾಗ ಪ್ರತಿಯೊಬ್ಬರೂ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಮೂರು ಗುರುತು ಹಾಕಲಿ: ದಾಖಲೆಯಿದ್ದರೆ ‘ದಾ’, ದಾಖಲೆಯಿಂದ ತೆಗೆದ ತೀರ್ಮಾನವಾದರೆ ‘ತೀ’, ಬರೀ ಹಂಗಿಸುವ ಮಾತಾದರೆ ‘ಹಂ’. ಕಿಸಿಂಜರ್ ಬರಹದಲ್ಲಿ ‘ದಾ’ ಸಾಲುಸಾಲಾಗಿ ಬೀಳುತ್ತದೆ. ಎರಡನೇ ವಾರ ಇರಾಕ್ ಅಂಕಣಗಳಿಗೂ ಇದೇ ಗುರುತು ಹಾಕಿಸಿ. ‘ಹಂ’ ಎಷ್ಟು ಏರುತ್ತದೆ ಎನ್ನುವುದು ಯಾರೂ ಹೇಳಿಕೊಡದೆ ಅವರಿಗೇ ಕಾಣುತ್ತದೆ.

ಧರ್ಮದಿಂದ ಮಾತ್ರ ಶುರು ಮಾಡಬೇಡಿ. ಆ ಮನುಷ್ಯ ಕೆಲಸ ಮಾಡುವ ರೀತಿಯನ್ನು ನೋಡುವ ಮುಂಚೆಯೇ ಜನ ತಮ್ಮ ತಮ್ಮ ಪಕ್ಷ ಹಿಡಿದು ಕೂತುಬಿಡುತ್ತಾರೆ.

ಪಡುವಣ:

ಪೆನ್ಸಿಲ್ ಗುರುತಿನ ಸಲಹೆ ಚೆನ್ನಾಗಿದೆ. ಎರಡನೇ ವಾರದ ಬಗ್ಗೆ ನಾನು ಬರೆಯುತ್ತೇನೆ. ಚರ್ಚೆಗಳು ಹಳಿ ತಪ್ಪುವುದು ಇಲ್ಲೇ.

‘ಸಮೂಹನಾಶಕ ಅಸ್ತ್ರ ಸಿಗಲಿಲ್ಲ, ಆದ್ದರಿಂದ ಹಿಚನ್ಸ್ ಸೋತರು’ ಎಂದು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ಇರಾಕ್‌ನಲ್ಲಿ ಅಸ್ತ್ರ ಹುಡುಕಿದ ತಂಡದ 2004ರ ಡ್ಯುಯೆಲ್ಫರ್ ವರದಿ ಹೇಳಿದ್ದು ನಿಜ. ಆದರೆ ಅವರ ವಾದ ಅದೊಂದರ ಮೇಲೆ ನಿಂತಿರಲಿಲ್ಲ. ನಾಲ್ಕು ಕೆಲಸಗಳಲ್ಲಿ ಯಾವುದನ್ನು ಮಾಡಿದರೂ ಒಂದು ಪ್ರಭುತ್ವ ತನ್ನ ಸಾರ್ವಭೌಮತ್ವವನ್ನು ಪಣಕ್ಕೊಡ್ಡಿದಂತೆ ಎನ್ನುತ್ತಿದ್ದರು: ನೆರೆದೇಶಗಳ ಮೇಲೆ ಪದೇ ಪದೇ ದಾಳಿ, ಜನಾಂಗಹತ್ಯೆ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಉಲ್ಲಂಘನೆ, ಅಂತರರಾಷ್ಟ್ರೀಯ ಭಯೋತ್ಪಾದಕರಿಗೆ ಆಸರೆ. ಸದ್ದಾಂ ನಾಲ್ಕನ್ನೂ ಮಾಡಿದ್ದಾನೆ ಎಂಬುದು ಅವರ ಪಟ್ಟು. ಇರಾನ್, ಕುವೈತ್‌ಗಳ ಮೇಲಿನ ದಾಳಿ, 1988ರ ಮಾರ್ಚ್ 16ರಂದು ಕುರ್ದರ ಹಲಬ್ಜಾ ಪಟ್ಟಣದ ಮೇಲೆ ಬಿಟ್ಟ ವಿಷಾನಿಲ, ಬಾಗ್ದಾದ್‌ನಲ್ಲಿ ಆಸರೆ ಪಡೆದಿದ್ದ ಭಯೋತ್ಪಾದಕ ಅಬು ನಿದಾಲ್ ಇವೆಲ್ಲ ನಡೆದ ಸಂಗತಿಗಳೇ. ಈ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮೇಜಿನ ಮೇಲಿಡಿ. ಕುರ್ದರ ಸಂಕಟವನ್ನು ಅವರು ಅಲ್ಲಿಗೇ ಹೋಗಿ ನೋಡಿ ಬಂದವರು ಎಂಬುದನ್ನೂ ಮರೆಯಬೇಡಿ.

ಆಮೇಲೆ ಕೇಳಬೇಕಾದ ಪ್ರಶ್ನೆ ಇದು: ನಾಲ್ಕನ್ನೂ ಒಪ್ಪಿಕೊಂಡರೂ ಸಾಬೀತಾಗುವುದು ಏನು? ಸದ್ದಾಂಗೆ ಆಳುವ ಹಕ್ಕು ಉಳಿದಿರಲಿಲ್ಲ ಎಂಬುದಷ್ಟೆ. ಅವನನ್ನು ಕೆಳಗಿಳಿಸಲು ಹೊರಟವರಿಗೆ ಯೋಗ್ಯತೆ ಇತ್ತೇ, ಮಾರನೇ ದಿನ ಆಳುವವರು ಯಾರು ಎಂಬುದಕ್ಕೆ ಆ ನಾಲ್ಕರಲ್ಲಿ ಉತ್ತರವಿಲ್ಲ. 2003ರ ಮೇ 16ರಂದು ಇರಾಕ್‌ನಲ್ಲಿ ಅಮೆರಿಕ ಕೂರಿಸಿದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಮೊದಲ ಆದೇಶ ಹೊರಡಿಸಿ ಸದ್ದಾಂನ ಬಾತ್ ಪಕ್ಷದ ಮೇಲ್ದರ್ಜೆಯ ಸದಸ್ಯರನ್ನು ಸರ್ಕಾರಿ ಕೆಲಸದಿಂದ ತೆಗೆದರು. ಮೇ 23ರ ಎರಡನೇ ಆದೇಶ ಇರಾಕಿ ಸೈನ್ಯವನ್ನೇ ವಿಸರ್ಜಿಸಿತು. ಲಕ್ಷಾಂತರ ಮಂದಿ, ಆಯುಧ ಬಳಸಲು ಬಲ್ಲವರು, ಒಂದೇ ವಾರದಲ್ಲಿ ಸಂಬಳವಿಲ್ಲದೆ ಬೀದಿಗೆ ಬಿದ್ದರು. ಹಿಚನ್ಸ್ ವಾದದ ನಿಜವಾದ ಬಿರುಕು ಇಲ್ಲಿದೆ. ಪುರಾವೆಯಿಲ್ಲದೆ ಹೇಳಿದ್ದನ್ನು ಪುರಾವೆಯಿಲ್ಲದೆಯೇ ತಳ್ಳಿಹಾಕಬಹುದು ಎಂದು ಕಲಿಸಿದವರು ಅವರು. ‘ಯುದ್ಧದ ನಂತರ ಪ್ರಜಾಪ್ರಭುತ್ವ ಬೇರೂರುತ್ತದೆ’ ಎಂಬ ಭರವಸೆಗೆ ಆ ನಿಯಮವನ್ನು ಅವರೇ ಹಚ್ಚಬೇಕಿತ್ತು.

ಇದರ ಜೊತೆಗೆ ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಬಂದ ಎರಡು ಬರಹ ಓದಿಸಿ. 2007ರದ್ದು, ಅವರ ಬರಹಗಳಿಂದ ಪ್ರೇರಿತನಾಗಿ ಸೈನ್ಯ ಸೇರಿ ಇರಾಕ್‌ನಲ್ಲಿ ಮಡಿದ ಯುವ ಅಧಿಕಾರಿಯೊಬ್ಬನ ಕುರಿತು. ಅವನ ಮನೆಯವರನ್ನು ಕಂಡು ಬಂದು ಬರೆದದ್ದು. 2008ರದ್ದು, ಮುಖಕ್ಕೆ ಬಟ್ಟೆ ಮುಚ್ಚಿ ನೀರು ಸುರಿಯುವ ವಿಚಾರಣಾ ವಿಧಾನವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಇದು ಚಿತ್ರಹಿಂಸೆಯೇ ಸರಿ ಎಂದು ತೀರ್ಪು ಕೊಟ್ಟದ್ದು. ತನ್ನ ಮಾತಿನ ಬೆಲೆಯನ್ನು ತಾನೇ ಎದುರಿಸಿ ನಿಲ್ಲುವುದು ಎಷ್ಟು ಜನ ಅಂಕಣಕಾರರಿಂದ ಆಗುತ್ತದೆ? ಅವರ ಯುದ್ಧನೀತಿಯನ್ನು ಪೂರ್ತಿ ತಿರಸ್ಕರಿಸುವವರೂ ಈ ಎರಡನ್ನು ಓದಿದರೆ ಗೌರವ ಉಳಿಸಿಕೊಳ್ಳುತ್ತಾರೆ.

ಓದುಬಳಗ_ಧಾರವಾಡ:

ಇಬ್ಬರಿಗೂ ಧನ್ಯವಾದ. ಮೂರನೇ ವಾರಕ್ಕೆ ಮದರ್ ತೆರೇಸಾ ಕುರಿತ ಬರಹ ಇಡಬಹುದೇ? ಕೋಲ್ಕತ್ತಾ ಎಂದರೆ ನಮ್ಮವರಿಗೆ ಹತ್ತಿರದ ವಿಷಯ.

ಹಳೇಮೈಸೂರು:

ಇಡಿ ಸರ್, ಆದರೆ ಅದರಲ್ಲಿರುವ ಎರಡು ಆರೋಪಗಳನ್ನು ಬೇರೆ ಬೇರೆ ತೂಗಬೇಕು.

ಹಣದ ಆರೋಪ ಗಟ್ಟಿ. ಅಮೆರಿಕದ ಉಳಿತಾಯ-ಸಾಲ ಸಂಸ್ಥೆಗಳ ಹಗರಣದಲ್ಲಿ ಶಿಕ್ಷೆಯಾದ ಚಾರ್ಲ್ಸ್ ಕೀಟಿಂಗ್ ತೆರೇಸಾ ಅವರಿಗೆ ಸುಮಾರು 12.5 ಲಕ್ಷ ಡಾಲರ್ ಕೊಟ್ಟಿದ್ದರು. ಅವರಿಗೆ ದಯೆ ತೋರಿ ಎಂದು 1992ರಲ್ಲಿ ತೆರೇಸಾ ನ್ಯಾಯಾಧೀಶರಿಗೆ ಪತ್ರ ಬರೆದರು. ಆ ಹಣ ಠೇವಣಿದಾರರಿಂದ ಕದ್ದದ್ದು, ಹಿಂದಿರುಗಿಸಿ ಎಂದು ಸರ್ಕಾರಿ ವಕೀಲರು ಉತ್ತರಿಸಿದರು. ಪತ್ರಗಳೇ ಇವೆ.

ನೋವುಶಮನದ ಆರೋಪ ಅಷ್ಟು ನೇರವಲ್ಲ. ಸಾಯುವ ರೋಗಿಗಳಿಗೆ ಬಲವಾದ ನೋವುನಿವಾರಕ ಕೊಡುತ್ತಿರಲಿಲ್ಲ ಎಂದು 1994ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ರಾಬಿನ್ ಫಾಕ್ಸ್ ಬರೆದಿದ್ದರು, ಹಿಚನ್ಸ್ 1995ರಲ್ಲಿ ಅದನ್ನು ಮುಂದಿಟ್ಟರು. ಬಿಟ್ಟುಹೋದದ್ದು ಭಾರತದ 1985ರ ಮಾದಕವಸ್ತು ಕಾಯ್ದೆ. ಅದು ಬಂದ ಮೇಲೆ ಆಸ್ಪತ್ರೆಗಳಲ್ಲೇ ಅಂಥ ನೋವುನಿವಾರಕವಾದ ಮಾರ್ಫಿನ್ ಸಿಗುವುದು ದುಸ್ತರವಾಯಿತು. ಒಂದಲ್ಲ, ಹಲವು ಪರವಾನಗಿ ಬೇಕಿತ್ತು. ಕಾಯ್ದೆ ಸಡಿಲಾದದ್ದು 2014ರ ತಿದ್ದುಪಡಿಯಲ್ಲಿ. ‘ಸಂಕಟ ಪವಿತ್ರವೆಂದು ಔಷಧ ಕೊಡಲಿಲ್ಲ’ ಎಂದು ತೀರ್ಪು ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇನ್ನು ಹಿಚನ್ಸ್ ಅವರ 2007ರ ಧರ್ಮವಿರೋಧಿ ಪುಸ್ತಕ. ಅದರ ದೊಡ್ಡ ದೋಷ ಲೆಕ್ಕ ಹಾಕುವ ರೀತಿಯಲ್ಲಿದೆ. ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಒಳ್ಳೆಯದು ಮಾಡಿದರೆ ಅದು ಮಾನವತಾವಾದದ ಖಾತೆಗೆ; ನಾಸ್ತಿಕ ಸ್ಟಾಲಿನ್ ಕೊಂದರೆ ಆ ವ್ಯವಸ್ಥೆಯೇ ಒಂದು ಬಗೆಯ ಧರ್ಮ. ಹೀಗೆ ಜಮಾ-ಖರ್ಚು ಬರೆದರೆ ಧರ್ಮ ಗೆಲ್ಲಲು ದಾರಿಯೇ ಇಲ್ಲ, ಪರೀಕ್ಷೆಗೂ ಅರ್ಥವಿಲ್ಲ. ಎರಡನೆಯದು, ಅವರ ಕಣ್ಣೆದುರು ಇರುವುದು ಸೃಷ್ಟಿಕರ್ತ ದೇವರು, ಒಂದು ಗ್ರಂಥ, ಒಬ್ಬ ಪ್ರವಾದಿ. ಜೈನರು, ಮೀಮಾಂಸಕರು ಸೃಷ್ಟಿಕರ್ತನನ್ನೇ ಒಪ್ಪದವರು. ಅವರಿಗೆ ಈ ಬಾಣಗಳಲ್ಲಿ ಅರ್ಧ ತಾಗುವುದಿಲ್ಲ. ಪೂರ್ವದೇಶಗಳ ಕುರಿತ ಅಧ್ಯಾಯ ತೀರಾ ತೆಳು, ಪುಣೆಯ ರಜನೀಶ್ ಆಶ್ರಮದಿಂದ ಭಾರತವನ್ನು ಅಳೆಯಲಾಗದು. ಆದರೆ ಭಕ್ತ ಸದಸ್ಯರು ಇಷ್ಟಕ್ಕೇ ನಿರಾಳರಾಗುವುದು ಬೇಡ. ನಾಸ್ತಿಕನಿಂದ ಮಾಡಲಾಗದ, ಆಸ್ತಿಕನಿಂದ ಮಾತ್ರ ಸಾಧ್ಯವಾದ ಒಂದು ನೈತಿಕ ಕೆಲಸ ಹೆಸರಿಸಿ ಎಂಬ ಅವರ ಸವಾಲನ್ನು ಚೀಟಿಯಲ್ಲಿ ಬರೆದು ಕೊಟ್ಟು, 15 ನಿಮಿಷ ಯೋಚಿಸಲು ಬಿಡಿ. ಅದು ನಮ್ಮ ಧರ್ಮಗಳಿಗೂ ತಾಗುತ್ತದೆ.

ಶರಾವತಿ_ತೀರ:

ಒಂದು ಸೇರಿಸುತ್ತೇನೆ. ಯುದ್ಧದ ನಿಲುವಿಗೂ ಧರ್ಮದ ನಿಲುವಿಗೂ ಗಂಟು ಹಾಕಬೇಡಿ. ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಯುದ್ಧ ನಡೆಸಿದವರು, ಕ್ಯಾಥೊಲಿಕ್ ಶ್ರದ್ಧಾವಂತರು. 2010ರ ನವೆಂಬರಿನಲ್ಲಿ ಟೊರಾಂಟೊದಲ್ಲಿ ಹಿಚನ್ಸ್ ಅವರೊಂದಿಗೆ ಧರ್ಮದ ಬಗ್ಗೆ ವಾದಿಸಿದರು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ನಾಸ್ತಿಕರು, ಯುದ್ಧವಿರೋಧಿ. ಪೋಪ್ ಎರಡನೇ ಜಾನ್ ಪಾಲ್ ಯುದ್ಧ ಬೇಡವೆಂದರು. ಹಿಚನ್ಸ್ ಅವರ ತಮ್ಮ ಪೀಟರ್ ದೇವರನ್ನು ನಂಬುವವರು, ಯುದ್ಧವನ್ನು ವಿರೋಧಿಸಿದವರು. ಅಣ್ಣತಮ್ಮಂದಿರು 2008ರ ಏಪ್ರಿಲ್‌ನಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಇರಾಕ್ ಮತ್ತು ದೇವರು, ಎರಡರ ಬಗ್ಗೆಯೂ ಒಂದೇ ವೇದಿಕೆಯಲ್ಲಿ ವಾದಿಸಿದ್ದಾರೆ. ಆ ದೃಶ್ಯಮುದ್ರಿಕೆಯ ಇರಾಕ್ ಭಾಗವನ್ನು ಎರಡನೇ ವಾರದ ಕೊನೆಗೆ ತೋರಿಸಿ, ದೇವರ ಭಾಗವನ್ನು ಮೂರನೇ ವಾರದ ಆರಂಭಕ್ಕೆ ಉಳಿಸಿಕೊಳ್ಳಿ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಸಾರ ಹೇಳಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಇಬ್ಬರದ್ದೂ ವೇಗದ ಇಂಗ್ಲಿಷು, ಬ್ರಿಟಿಷ್ ಉಚ್ಚಾರ. ಇಲ್ಲದಿದ್ದರೆ ಅರ್ಧ ಜನಕ್ಕೆ ವಾದದ ಎಳೆ ತಪ್ಪಿಹೋಗುತ್ತದೆ.