ಸಹಾಯ ಬೇಕು: ನೇರಳೆ ಎಲೆಯ ಮೆಣಸಿನ ಗಿಡದ ಬೀಜದಲ್ಲಿ ಹಸಿರು ಗಿಡ ಬಂದಿದೆ

ನಮಸ್ಕಾರ. ಮೈಸೂರಿನ ನಮ್ಮ ತಾರಸಿಯಲ್ಲಿ ಅಂದಕ್ಕೆ ಬೆಳೆಸುವ ಮೆಣಸಿನ ಗಿಡಗಳ ಹುಚ್ಚು ನನ್ನದು. ಹೋದ ವರ್ಷ ನರ್ಸರಿಯಿಂದ ಒಂದು ಗಿಡ ತಂದೆ. ಹೆಸರಿನ ಚೀಟಿ ಇರಲಿಲ್ಲ. ಹಸಿರು ಬೆರೆತ ನೇರಳೆ ಎಲೆ, ಗೋಲಿಯಂಥ ಕಾಯಿ. ಖಾರವೋ, ಸಾರಿಗೆ ಒಂದೇ ಕಾಯಿ ಹಾಕಿ ಮನೆಯವರಿಂದ ಬೈಸಿಕೊಂಡಿದ್ದೇನೆ!

ಅದರ ಹಣ್ಣಿನ ಬೀಜ ಹಾಕಿದೆ. 11 ಗಿಡ ಬಂದವು. ಒಂದೇ ಮಣ್ಣು, ಒಂದೇ ಅಳತೆಯ ಕುಂಡ. ಆದರೂ 5 ಗಿಡ ತಾಯಿಯಂತೆಯೇ ಇವೆ. 3 ಗಿಡ ತಾಯಿಗಿಂತ ಕಪ್ಪು, ಅಮೆರಿಕದ ಕೃಷಿ ಇಲಾಖೆಯವರ ಬ್ಲ್ಯಾಕ್ ಪರ್ಲ್ ತಳಿಯ ಫೋಟೋದಲ್ಲಿ ಇರುವ ಹಾಗೆ. ಉಳಿದ 3 ಪೂರ್ತಿ ಹಸಿರು, ಹೂವೂ ಬಿಳಿ.

ನೆರಳಿದ್ದರೆ ನೇರಳೆ ಬಣ್ಣ ಮಾಸುತ್ತದೆ. ಅದಕ್ಕೇ ಹಸಿರು ಗಿಡಗಳನ್ನು ಮೂರು ವಾರ ಜಾಸ್ತಿ ಬಿಸಿಲಿಗೆ ಇಟ್ಟು ನೋಡಿದೆ. ಏನೂ ಬದಲಾಗಲಿಲ್ಲ. ಗೊಬ್ಬರ ಬದಲಿಸಿದ್ದು ಸುಮ್ನೆ ದಂಡ.

ಪಕ್ಕದಲ್ಲೇ ಹಸಿರು ಎಲೆಯ ಜ್ವಾಲಾ ತಳಿಯ ಮೆಣಸಿನ ಗಿಡ ಇತ್ತು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೆ ಜೇನು ಬಂದರೆ ಬೆರಕೆಯೂ ಆಗುತ್ತದೆ. ಜ್ವಾಲಾದ ಬೆರಕೆ ಅಂದುಕೊಂಡರೆ ಹಸಿರು ಗಿಡಕ್ಕೆ ಸರಿಹೋಗುತ್ತದೆ. ತಾಯಿಗಿಂತ ಕಪ್ಪಾದ ಗಿಡ ಎಲ್ಲಿಂದ ಬಂತು? ಇಲ್ಲೇ ನಾನು ಸಿಕ್ಕಿಹಾಕಿಕೊಂಡಿರುವುದು.

ತಾಯಿ ಗಿಡವೇ ಹೈಬ್ರಿಡ್ ಆಗಿತ್ತಾ, ಅಥವಾ ಇದು ಜೇನಿನ ಕೆಲಸವಾ? ಕಪ್ಪು ಗಿಡದ ಹೂವಿಗೆ ಬಲೆ ಚೀಲ ಕಟ್ಟಿ ಬೀಜ ತೆಗೆದರೆ ಮುಂದಿನ ಸಲ ಎಲ್ಲವೂ ಕಪ್ಪೇ ಬರುತ್ತವಾ? ಬೀಜ ಉಳಿಸಿ ಬೆಳೆಸಿದವರು ದಯವಿಟ್ಟು ತಿಳಿಸಿ.