ಆ ನಾಯಿಗೆ ಅಷ್ಟೊಂದು ಕಾಲು ಯಾಕೆ?

ಪ್ರಶ್ನೆ: ಮೇಡಂ, ನಾನು ಬಿವಿಎ (ದೃಶ್ಯಕಲಾ ಪದವಿ) ಎರಡನೇ ವರ್ಷ. ಇಟಲಿಯ ಜಾಕೊಮೊ ಬಲ್ಲಾ 1912ರಲ್ಲಿ ಬರೆದ ನಾಯಿಯ ಚಿತ್ರ ತೋರಿಸಿ, ಅವರಂಥ ಫ್ಯೂಚರಿಸ್ಟ್ ಪಂಥದ ಕಲಾವಿದರಿಗೆ ವೇಗ, ಯಂತ್ರ ಅಂದ್ರೆ ಪ್ರಾಣ ಅಂತ ಪಾಠ ಮಾಡಿದ್ರು. ಆದ್ರೆ ಅದರಲ್ಲಿರೋದು ಒಂದು ಗಿಡ್ಡಗಾಲಿನ ಡ್ಯಾಷಂಡ್ ನಾಯಿ, ಒಡತಿಯ ಪಾದಗಳು, ಲಂಗದ ಅಂಚು. ಕಾರಿಲ್ಲ, ರೈಲಿಲ್ಲ. ಯಂತ್ರ ಎಲ್ಲಿದೆ?

ಉತ್ತರ: ನಾಯಿಯ ಕಾಲುಗಳನ್ನು ಎಣಿಸೋಕೆ ಹೋಗಿ, ಲೆಕ್ಕ ತಪ್ಪುತ್ತೆ. ಸರಪಳಿ ಒಂದೇ, ಆದ್ರೆ ನಾಲ್ಕು ಸಲ ಬಾಗಿದೆ. ಹೀಗೆ ನೋಡೋದನ್ನು ಕಲಿಸಿದ್ದು ಕ್ಯಾಮೆರಾ.

ಫ್ರಾನ್ಸಿನಲ್ಲಿ ಎತಿಯೆನ್ ಜೂಲ್ ಮಾರೆ ಅಂತ ಶರೀರಶಾಸ್ತ್ರಜ್ಞರಿದ್ದರು. ಹಕ್ಕಿ ಹೇಗೆ ರೆಕ್ಕೆ ಬಡಿಯುತ್ತೆ, ಮನುಷ್ಯ ಹೇಗೆ ಹೆಜ್ಜೆ ಎತ್ತಿಡ್ತಾನೆ ಅನ್ನೋದು ಬರಿಗಣ್ಣಿಗೆ ಸಿಗಲ್ಲವಲ್ಲ, ಅದನ್ನು ಹಿಡಿಯೋಕೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದರು. ಸೆಕೆಂಡಿಗೆ 12 ಫೋಟೊ! ಆಮೇಲೆ ಒಂದೇ ಫೋಟೊ ಪ್ಲೇಟಿನ ಮೇಲೆ ಚಲನೆಯ ಎಲ್ಲ ಹಂತಗಳೂ ಸಾಲಾಗಿ ಬೀಳೋ ಹಾಗೆ ಮಾಡಿದರು. ನಡೆಯುವವನಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನುದ್ದಕ್ಕೂ ಬಿಳಿ ಪಟ್ಟಿ ಹಚ್ಚಿ ತೆಗೆದ ಫೋಟೊಗಳಲ್ಲಿ ಮನುಷ್ಯ ಮಾಯ, ಗೆರೆಗಳಷ್ಟೇ ಉಳಿದವು. ಮಾರೆಗೆ ಬೇಕಾಗಿದ್ದು ಅಳತೆ. ಚಿತ್ರಕಾರರಿಗೆ ಅದರಲ್ಲಿ ಬೇರೆಯೇ ದಾರಿ ಕಂಡಿತು. ಬಲ್ಲಾ, ಬೊಚ್ಚೋನಿ ಮೊದಲಾದ ಐವರು ಫ್ಯೂಚರಿಸ್ಟ್ ಚಿತ್ರಕಾರರು 1910ರ ಏಪ್ರಿಲ್‌ನ ಪ್ರಣಾಳಿಕೆಯಲ್ಲಿ, ಓಡುವ ಕುದುರೆಗೆ ಕಾಲು ನಾಲ್ಕಲ್ಲ, ಇಪ್ಪತ್ತು ಅಂತ ಸಾರಿದರು. ಈ ನಾಯಿ ಬಂದದ್ದು ಆ ಕುದುರೆಯ ಹಿಂದೆ. ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂ ಅದೇ 1912ರಲ್ಲಿ ಬರೆದ, ಮೆಟ್ಟಿಲಿಳಿಯುವ ನಗ್ನ ಆಕೃತಿಗೂ ಮಾರೆಯ ಋಣವಿದೆ. ದುಶಾಂ ತಾವೇ ಒಪ್ಪಿಕೊಂಡಿದ್ದಾರೆ.

ಪ್ರಶ್ನೆ: ಹಾಗಾದ್ರೆ ಫೋಟೊ ನೋಡಿ ನಕಲು ಮಾಡಿದ ಹಾಗಾಗಲಿಲ್ವಾ ಮೇಡಂ?

ಉತ್ತರ: ಈ ಜಗಳ ಅವರೊಳಗೇ ಆಗಿತ್ತು. ಫೋಟೊಗ್ರಾಫರ್ ಆಂಟನ್ ಜೂಲಿಯೊ ಬ್ರಗಾಲ್ಯ ಚಲನೆಯ ಜಾಡು ಹಿಡಿದ ಫೋಟೊಗಳನ್ನು ಫ್ಯೂಚರಿಸ್ಟ್ ಕಲೆ ಅಂತ ಮುಂದಿಟ್ಟಾಗ ಬೊಚ್ಚೋನಿ ಕೆರಳಿದರು. 1913ರಲ್ಲಿ, ಅವಕ್ಕೂ ನಮಗೂ ಸಂಬಂಧವಿಲ್ಲ ಅಂತ ಚಿತ್ರಕಾರರು ಪ್ರಕಟಣೆಯನ್ನೇ ಕೊಟ್ಟರು. ಚಲನೆಯನ್ನು ತುಂಡು ಮಾಡಿ ಸಾಲಾಗಿ ಇಡೋದು ಬೊಚ್ಚೋನಿಗೆ ಒಗ್ಗಲಿಲ್ಲ. ಅದೇ ವರ್ಷ ಅವರು ಮಾಡಿದ, ದಾಪುಗಾಲಿಡುವ ಮನುಷ್ಯನ ಶಿಲ್ಪಕ್ಕೆ ಹೆಚ್ಚಿನ ಕಾಲು ಒಂದೂ ಇಲ್ಲ. ತೊಡೆ, ಮೀನಖಂಡ ಗಾಳಿಗೆ ಸಿಕ್ಕ ಉರಿಯ ಹಾಗೆ ಹಿಂದಕ್ಕೆ ಚಾಚಿವೆ. (ಇಟಲಿಯ 20 ಸೆಂಟ್ ಯೂರೊ ನಾಣ್ಯ ಸಿಕ್ಕರೆ ನೋಡಿ, ಅದರ ಮೇಲಿರೋದು ಇದೇ ಶಿಲ್ಪ.)

ಬಲ್ಲಾ ಮಾಡಿದ್ದು ನಕಲು ಅಂತ ನಾನು ಒಪ್ಪಲ್ಲ. ಮಾರೆಯ ಪ್ಲೇಟಿನಲ್ಲಿ ನಡೆಯುವವನೇ ಅಳಿಸಿಹೋದ. ಈ ಕ್ಯಾನ್ವಾಸಿನಲ್ಲಿ, ಒಡತಿಯ ಒಂದು ಹೆಜ್ಜೆಗೆ ಸಮ ಬರೋಕೆ ಆ ಗಿಡ್ಡಗಾಲಿನ ಜೀವ ಪಡೋ ಪಾಡು, ಅದರ ಸಡಗರ ಎರಡೂ ಇವೆ. ಕಾಲು ಬಿಡಿ, ಒಮ್ಮೆ ಬಾಲ ನೋಡಿ.